ಅಕ್ರೋತಿರಿಯ ಕೇಸರಿ ಹುಡುಗಿಯರು

ಗ್ರೀಸಿನ ಸಾಂಟೊರಿನಿ ದ್ವೀಪಕ್ಕೆ ಬರುವವರೆಲ್ಲ ಬಿಳಿ ಮನೆ, ನೀಲಿ ಗುಮ್ಮಟ, ಸೂರ್ಯಾಸ್ತ ಅಂತ ಮುಗಿಬೀಳುತ್ತಾರೆ. ನಾನು ಮತ್ತು ಅತ್ತಿಗೆ ಹೋದದ್ದು ಕೇಸರಿಯ ಜಾಡು ಹಿಡಿದು. ಫಿರಾ ಪಟ್ಟಣದಲ್ಲಿ ಬಸ್ಸು ಹತ್ತಿ ದ್ವೀಪದ ದಕ್ಷಿಣಕ್ಕಿರುವ ಅಕ್ರೋತಿರಿಯಲ್ಲಿ ಇಳಿದೆವು. ಮೂರೂವರೆ ಸಾವಿರ ವರ್ಷಗಳಿಗೂ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಊರು ಇದು. 1967ರಲ್ಲಿ ಪುರಾತತ್ತ್ವಜ್ಞ ಸ್ಪಿರಿಡಾನ್ ಮರಿನಾತೋಸ್ ಇಲ್ಲಿ ಅಗೆಯಲು ಶುರುಮಾಡಿದರು. ಹೀಗೆಯೇ ಬೂದಿಯಲ್ಲಿ ಹೂತುಹೋದ ಇಟಲಿಯ ಪೊಂಪೇಯಿಯಲ್ಲಿ ಸಿಕ್ಕಂತೆ ಇಲ್ಲಿ ಸತ್ತವರ ದೇಹಗಳು ಸಿಗಲಿಲ್ಲ; ಸುಳಿವು ಸಿಕ್ಕಿ ಜನ ಮೊದಲೇ ಊರು ಬಿಟ್ಟಿರಬೇಕು.

ಈಗ ಇಡೀ ಉತ್ಖನನಕ್ಕೆ ಒಂದೇ ಸೂರು. ಕೆಳಗೆ ಎರಡು ಮೂರು ಅಂತಸ್ತಿನ ಮನೆಗಳು, ಇಕ್ಕಟ್ಟಾದ ಓಣಿಗಳು, ಸಾಲು ಸಾಲು ಮಣ್ಣಿನ ಗುಡಾಣಗಳು. ನಮಗೆ ಬೇಕಾದ ಮನೆ ಕ್ಸೆಸ್ಟೆ 3. ಹೊರಗೋಡೆಗೆ ನುಣುಪಾಗಿ ಕೆತ್ತಿದ ಕಲ್ಲು. ಗೋಡೆಯ ಮೇಲಿದ್ದ ಕೇಸರಿಯ ಚಿತ್ರಗಳನ್ನು ಇಲ್ಲಿಂದ ಕಳಚಿ ಒಯ್ದಿರುವುದರಿಂದ ನೋಡಲು ಉಳಿದಿರುವುದು ಬರಿಗೋಡೆ. ಅವುಗಳ ಅಚ್ಚುಪ್ರತಿಯನ್ನು ಕೈಯಲ್ಲಿ ಹಿಡಿದು ಮೇಲಂತಸ್ತನ್ನು ಕಣ್ಣಿನಲ್ಲೇ ಕಟ್ಟಿಕೊಂಡೆವು.

ಕಲ್ಲುಗುಡ್ಡದಲ್ಲಿ ಹುಡುಗಿಯರು ಕೇಸರಿ ಹೂ ಬಿಡಿಸುತ್ತಿದ್ದಾರೆ. ಒಬ್ಬಳ ತಲೆ ಬೋಳಿಸಿ ಜುಟ್ಟು ಬಿಟ್ಟಿದ್ದಾರೆ, ಅಂದರೆ ಇನ್ನೂ ಚಿಕ್ಕವಳು. ಮತ್ತೊಬ್ಬಳು ಬುಟ್ಟಿಯ ಹೂವನ್ನು ಸುರಿಯುತ್ತಿದ್ದಾಳೆ. ಎತ್ತರದ ಪೀಠದಲ್ಲಿ ದೇವತೆ ಕುಳಿತಿದ್ದಾಳೆ, ಕೊರಳಲ್ಲಿ ಬಾತುಕೋಳಿ, ಏರೋಪ್ಲೇನ್ ಚಿಟ್ಟೆಗಳ ಸರ. ಅವಳ ಮುಂದೆ ಕೇಸರಿ ಅರ್ಪಿಸುತ್ತಿರುವ ಒಂದು ನೀಲಿ ಕೋತಿ! ಕೆಳಗಿನ ಅಂತಸ್ತಿನ ಚಿತ್ರದಲ್ಲಿ ಒಬ್ಬಳು ಹಣೆಗೆ ಕೈಕೊಟ್ಟು ಕುಳಿತಿದ್ದಾಳೆ, ಪಾದದಿಂದ ರಕ್ತ. ಕೇಸರಿ ಹೆಂಗಸರ ನೋವಿಗೆ ಮದ್ದಾಗಿತ್ತು, ಈ ಚಿತ್ರಗಳು ಅದನ್ನೇ ಹೇಳುತ್ತವೆ ಎನ್ನುವ ವಿದ್ವಾಂಸರಿದ್ದಾರೆ. ಹುಡುಗಿ ದೊಡ್ಡವಳಾಗುವ ಶಾಸ್ತ್ರ ಇದು ಎನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಸರಿ ಅನ್ನಿಸಿತು. ಅತ್ತಿಗೆ, "ಎರಡೂ ಯಾಕಿರಬಾರದು? ನಮ್ಮಲ್ಲಿ ಅರಿಸಿನ ಮದ್ದಿಗೂ ಬೇಕು, ಶಾಸ್ತ್ರಕ್ಕೂ ಬೇಕು" ಅಂದರು. ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ವಾದಕ್ಕೆ ಇಳಿಯುವ ಧೈರ್ಯ ನನಗಿರಲಿಲ್ಲ.

ಪಾಠ ಅಲ್ಲಿಗೇ ನಿಲ್ಲಲಿಲ್ಲ. ನಾವು ಬೆಳೆಯುವ ಕೇಸರಿ ಬೀಜ ಕಟ್ಟುವುದಿಲ್ಲ, ಗೆಡ್ಡೆ ನೆಟ್ಟೇ ಬೆಳೆಸಬೇಕು. ಅದರ ಮೂಲ ಗ್ರೀಸಿನ ಗುಡ್ಡಗಳ ಕಾಡು ಕೇಸರಿ ಎಂದು ವಂಶವಾಹಿಗಳ ಅಧ್ಯಯನ ತೋರಿಸಿದೆ. ಒಂದು ಹೂವಿಗೆ ಮೂರೇ ಕೆಂಪು ಎಳೆ, ಅದೇ ಕೇಸರಿ. ಒಣಗಿದ ಒಂದು ಗ್ರಾಮಿಗೆ ಸುಮಾರು 150 ಹೂ.

ಅಷ್ಟು ಕಷ್ಟದ್ದನ್ನು ಆ ಕಾಲದವರು ಪಾಯಸಕ್ಕಷ್ಟೇ ಹಾಕಿ ಮುಗಿಸುತ್ತಿರಲಿಲ್ಲ. ಕ್ರೀಟ್ ದ್ವೀಪದ ಕ್ನೋಸೋಸ್ ಅರಮನೆಯ ಮಣ್ಣಿನ ಫಲಕಗಳಲ್ಲಿ ಕೇಸರಿಯ ತೂಕದ ಲೆಕ್ಕ ಬರೆದಿಟ್ಟಿದ್ದಾರೆ. ಅಥೆನ್ಸ್ ಸೀಮೆಯ ಬ್ರೌರೋನಿನಲ್ಲಿ ಆರ್ಟೆಮಿಸ್ ದೇವಿಯ ಸೇವೆಗೆ ನಿಂತ ಬಾಲೆಯರು ಕೇಸರಿ ಬಣ್ಣದ ಉಡುಪು ತೊಡುತ್ತಿದ್ದರು. ರೋಮಿನವರಂತೂ ನಾಟಕಶಾಲೆಯಲ್ಲಿ ಕೇಸರಿ ನೀರು ಚಿಮುಕಿಸುತ್ತಿದ್ದರು. ಹಣ ಹೆಚ್ಚಾದವರ ಷೋಕಿ!

ಸಂಜೆ ಫಿರಾದ ಪ್ರಾಗೈತಿಹಾಸಿಕ ವಸ್ತುಸಂಗ್ರಹಾಲಯದಲ್ಲಿ ಅಕ್ರೋತಿರಿಯದೇ ಇನ್ನೊಂದು ಚಿತ್ರದ ಮುಂದೆ ನಿಂತೆವು. ಬಂಡೆ ಹತ್ತಿ ಓಡುವ ನೀಲಿ ಕೋತಿಗಳು, ಮೇಲಕ್ಕೆ ಬಾಗಿದ ಉದ್ದ ಬಾಲ. "ಅಯ್ಯೋ, ಇದು ನಮ್ಮ ಮುಸುವ ಕಣೋ!" ಅಂತ ಅತ್ತಿಗೆ ಜೋರಾಗಿಯೇ ಅಂದರು. ಕಾವಲಿನಾಕೆ ತಿರುಗಿ ನೋಡಿದಳು. ಅತ್ತಿಗೆ ಹೇಳಿದ್ದು ಸುಳ್ಳಲ್ಲ. ಈ ದ್ವೀಪಗಳಲ್ಲಿ ಕೋತಿಗಳೇ ಇಲ್ಲ, ಬಾಲ ಹಿಡಿಯುವ ರೀತಿ ನೋಡಿದರೆ ಇವು ನಮ್ಮ ಕಡೆಯ ಮುಸುವಗಳೇ ಎಂದು ವಾನರತಜ್ಞರೂ ಪುರಾತತ್ತ್ವಜ್ಞರೂ ಸೇರಿ ಕೆಲವು ವರ್ಷಗಳ ಹಿಂದೆ ವಾದಿಸಿದ್ದಾರೆ. ಎಲ್ಲರೂ ಒಪ್ಪಿಲ್ಲ. ಹಿತ್ತಿಲಲ್ಲಿ ಮುಸುವ ಓಡಿಸಿ ಅಭ್ಯಾಸವಿರುವ ನಮಗೆ ಒಪ್ಪಲು ತಡವಾಗಲಿಲ್ಲ.

ಮರಳುವಾಗ ಅಂಗಡಿಯೊಂದರಲ್ಲಿ ಉತ್ತರ ಗ್ರೀಸಿನ ಕೊಝಾನಿಯ ಕೇಸರಿ ಕಂಡಿತು. ಕೇಸರಿಯಷ್ಟು ಕಲಬೆರಕೆಯಾಗುವ ವಸ್ತು ಬೇರೊಂದಿಲ್ಲ ಎಂದು ರೋಮಿನ ಲೇಖಕ ಪ್ಲಿನಿ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಗೊಣಗಿದ್ದ. ಕೇಸರಿಬಾತಿಗೆ ಬಣ್ಣದ ಪುಡಿ ಹಾಕುವ ನಾವು ಅವನನ್ನು ನೆನೆಯಲೇಬೇಕು. ಒಳ್ಳೆಯ ಕೇಸರಿ ಅಂಗೈಯಲ್ಲಿ ಅದುಮಿದರೆ ಚಟಚಟ ಎನ್ನಬೇಕು ಎಂಬುದು ಅವನ ಪರೀಕ್ಷೆ. ಮಾದರಿಗೆಂದು ಬಿಚ್ಚಿಟ್ಟಿದ್ದ ಡಬ್ಬಿಯಿಂದ ಅತ್ತಿಗೆ ನಾಲ್ಕು ಎಳೆ ತೆಗೆದು ಅದುಮಿ, ಕಿವಿಯ ಹತ್ತಿರ ಹಿಡಿದರು. ಅಂಗಡಿಯವನು ನಗಲಿಲ್ಲ, ಇನ್ನೊಂದು ಚಿಟಿಕೆ ತಾನೇ ತೆಗೆದುಕೊಟ್ಟ. ಎರಡು ಡಬ್ಬಿ ಕಟ್ಟಿಸಿಕೊಂಡೆವು.