ಅಡ್ಡದಾರಿಯ ಒತ್ತು

ಕೋಥರೂಡ್, ಪುಣೆ
16 ನವೆಂಬರ್ 2025, ಭಾನುವಾರ, ರಾತ್ರಿ 11.20

ನನ್ನ ಸೈಕಲ್ಲಿನ ಒತ್ತಕ್ಷರ ಬಿದ್ದುಹೋಗಿದೆ.

ಬೆಳಿಗ್ಗೆ ಚಹಾ ಹಿಡಿದುಕೊಂಡು ಮೇಲ್ ತೆಗೆದೆ. ಚೀನಾದ ಷಿಯಾಮೆನ್‌ನಿಂದ ನಾನು ಹೇಳಿ ಮಾಡಿಸುತ್ತಿರುವ ಹೊಸ ಸೈಕಲ್ ಫ್ರೇಮಿನ ಬಣ್ಣದ ನಕ್ಷೆ ಬಂದಿತ್ತು. ಬಣ್ಣ ನಾನು ಹೇಳಿದ ಹಾಗೇ ಇದೆ. ಅತ್ತೆಯ ಹಳೆ ಇಳಕಲ್ ಸೀರೆಯ ಸೆರಗಿನ ಕೆಂಪು. ಅದಕ್ಕೆ ನಂಬರ್ ಹುಡುಕಲು ಸೀರೆಯನ್ನೇ ಚೀಲದಲ್ಲಿ ಹಾಕಿಕೊಂಡು ಬಣ್ಣದ ಅಂಗಡಿಗೆ ಹೋಗಿದ್ದೆ. ರಾಲ್ 3003 ಅಂತ ಸಿಕ್ಕಿತು. ಹಿಂದಿನ ಗಾಲಿಗೆ ಹೋಗುವ ಪೈಪು, ಅಂದರೆ ಚೈನ್ ಸ್ಟೇ ಮೇಲೆ ಸೆರಗಿನ ಬಿಳಿ ತೆನಿ ಚಿತ್ತಾರ. ಎಲ್ಲ ಸರಿ. ಟಾಪ್ ಟ್ಯೂಬ್, ಅಂದರೆ ಮೇಲಿನ ಅಡ್ಡ ಪೈಪಿನ ಮೇಲೆ 'ಅಡ್ಡದಾರಿ' ಅಂತ ಬರೀರಿ ಅಂದಿದ್ದೆ. ಬಂದಿರುವುದು 'ಅಡ್‌ಡದಾರಿ'. ಕೆಳಗೆ ಕೂರಬೇಕಾದ ಡ ಪಕ್ಕಕ್ಕೆ ಬಂದು ನಿಂತಿದೆ, ಆಸ್ತಿ ಪಾಲು ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ.

ಫ್ಲೆಕ್ಸ್ ಬೋರ್ಡಿನಲ್ಲಿ ಇಂಥದ್ದನ್ನು ಎಷ್ಟು ಸಲ ನೋಡಿ ನಕ್ಕಿದ್ದೇನೆ. ನನ್ನ ದುಡ್ಡಿನದಾದಾಗ ನಗು ಬರಲಿಲ್ಲ. ಆಫೀಸಿನ ಡಿಸೈನ್ ಹುಡುಗಿ ಮೊದಲೇ ಹೇಳಿದ್ದಳು, ಕನ್ನಡವನ್ನು ಟೈಪ್ ಮಾಡಿ ಕಳಿಸಬೇಡಿ, ಔಟ್‌ಲೈನ್ ಮಾಡಿ ಚಿತ್ರದ ಹಾಗೆ ಕಳಿಸಿ, ಇಲ್ಲದಿದ್ದರೆ ಅವರ ಸಾಫ್ಟ್‌ವೇರ್ ಒತ್ತನ್ನು ಕಿತ್ತು ಹಾಕುತ್ತದೆ ಅಂತ. ನಾನು ಕೇಳಲಿಲ್ಲ.

ಹೆಸರು ಇಟ್ಟವಳು ಮಗಳು ಚಿನ್ನು. ಗ್ರಾವೆಲ್ ಬೈಕ್ ಅಂದರೆ ಏನಮ್ಮ ಅಂದಳು. ಡಾಂಬರು ಬಿಟ್ಟು ಪಕ್ಕದ ಮಣ್ಣು, ಜಲ್ಲಿ ದಾರಿಗೆ ಇಳಿಯೋ ಸೈಕಲ್ಲು ಅಂದೆ. "ಹಾಗಾದ್ರೆ ಅಡ್ಡದಾರಿ ಹಿಡಿಯೋದು ಅನ್ನು." ಅಲ್ಲಿಗೆ ನಾಮಕರಣ ಮುಗಿಯಿತು. ಅತ್ತೆಗೆ ಮಾತ್ರ ಒಪ್ಪಿಗೆ ಇಲ್ಲ.

"ಅಡ್ಡದಾರಿ ಅಂತ ಹಣಿಮ್ಯಾಲೆ ಬರಕೊಂಡು ಊರೆಲ್ಲ ಅಡ್ಡಾಡ್ತೀಯೇನ? ನೋಡಿದವರು ಏನಂದಾರು? ಶ್ರೀ ಗುರುರಾಯರ ಪ್ರಸಾದ ಅಂತ ಬರಸು."

"ಅತ್ತಿ, ಅದು ಲಾರಿ ಅಲ್ಲ."

"ಲಾರಿ ರೊಕ್ಕಾನ ಕೊಡಾಕ ಹತ್ತೀಯಲ್ಲ."

ಪುಣೆಯಲ್ಲಿ ಕನ್ನಡ ಓದುವವರು ಎಷ್ಟು ಜನ ಸಿಗುತ್ತಾರೆ ಅಂತ ವಾದ ಮಾಡಿದೆ. ಖಡಕವಾಸ್ಲಾ ಅಣೆಕಟ್ಟಿನ ದಂಡೆಯಲ್ಲಿ ಸುಟ್ಟ ಜೋಳದ ತೆನೆ ಮಾರುವವಳು ಇಂಡಿ ಕಡೆಯವಳು ಅಂತ ಅತ್ತೆಯೇ ನೆನಪಿಸಿದರು. ಅದೂ ನಿಜ.

ಒತ್ತು ಬಿದ್ದರೆ ಎತ್ತಿ ಕೂರಿಸಬಹುದು. ಸೈಜು ತಪ್ಪಿದರೆ? ನಕ್ಷೆಗೆ ಒಮ್ಮೆ ಹೂಂ ಅಂದ ಮೇಲೆ ಏನೂ ಬದಲಾಗುವುದಿಲ್ಲ, ಉಳಿದ ದುಡ್ಡು ಕಟ್ಟಬೇಕು, ಅಷ್ಟೆ. ನಾಳೆ ಉತ್ತರ ಕೊಡಬೇಕು. ನಮಗೆ ಬೆಳಿಗ್ಗೆ ಆರೂವರೆ ಆದಾಗ ಅವರಿಗೆ ಒಂಬತ್ತು, ಕೂತು ಕಾಯ್ತಿರುತ್ತಾರೆ.

ಕಸ್ಟಮ್ ಫ್ರೇಮ್, ಕಸ್ಟಮ್ ಫ್ರೇಮ್ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜಕ್ಕೂ ಕಸ್ಟಮ್ ಆಗಿರುವುದು ಚರ್ಮ, ಅಂದರೆ ಬಣ್ಣ, ಮತ್ತೆ ಅಲ್ಲಿ ಇಲ್ಲಿ ನಾಲ್ಕು ತೂತು. ಅಚ್ಚಿನಲ್ಲಿ ಮಾಡುವ ಕಾರ್ಬನ್ ಫ್ರೇಮಿಗೆ ಒಂದೊಂದು ಸೈಜಿಗೂ ಒಂದೊಂದು ಲೋಹದ ಅಚ್ಚು ಬೇಕು. ರಾಳ ತುಂಬಿದ ಕಾರ್ಬನ್ ಹಾಳೆಗಳನ್ನು ಕತ್ತರಿಸಿ, ಪದರದ ಮೇಲೆ ಪದರ ಹಾಸಿ, ಒಳಗಿನಿಂದ ಒತ್ತಡ ಕೊಟ್ಟು, ಬಿಸಿ ಮಾಡಿ ಗಟ್ಟಿ ಮಾಡುತ್ತಾರೆ. ನನ್ನೊಬ್ಬಳ ಕಾಲಿಗೆ ಅಂತ ಯಾರು ಅಚ್ಚು ಕೊರೆಯುತ್ತಾರೆ? ಅಳತೆ ಕೊಟ್ಟರೆ ಹಾಗೇ ಮಾಡುವವರೂ ಇದ್ದಾರೆ, ಕೊಳವೆ ಕತ್ತರಿಸಿ ಜೋಡಿಸಿ, ಕೂಡುವ ಜಾಗಕ್ಕೆ ಕಾರ್ಬನ್ ಸುತ್ತಿ. ಅದರ ಬೆಲೆ ಕೇಳಿ ಇವರು ಪೇಪರ್ ಮಡಚಿಟ್ಟು ನನ್ನ ಮುಖ ನೋಡಿದರು. ಮಾತಾಡಲಿಲ್ಲ. ನಾನೂ ಆ ಪುಟ ಮುಚ್ಚಿದೆ.

ನಾಲ್ಕು ತೂತಿನ ವಿಷಯದಲ್ಲಿ ಮಾತ್ರ ನಾನು ಜಾಸ್ತಿ ಹಟ ಮಾಡಿದೆ. ಬಾಟಮ್ ಬ್ರಾಕೆಟ್, ಅಂದರೆ ಪೆಡಲ್ಲುಗಳು ತಿರುಗುವ ಬೇರಿಂಗು, ತಿರುಪಿನದೇ ಬೇಕು, ಒತ್ತಿ ಕೂರಿಸುವುದು ಬೇಡ. ತಾಮ್ಹಿಣಿ ಘಾಟಿನ ಕಡೆಯ ಒಂದು ಮಳೆಗಾಲ ಕಳೆದರೆ ಅದು ಕಿರ್ ಅನ್ನಲು ಶುರು ಮಾಡುತ್ತದೆ. ಬ್ರೇಕಿನ ಪೈಪು ಹ್ಯಾಂಡಲ್ ತಿರುಗಿಸುವ ಬೇರಿಂಗುಗಳ, ಅಂದರೆ ಹೆಡ್‌ಸೆಟ್ ಒಳಗಿಂದ ಹೋಗಬಾರದು. ನೋಡಲು ಚೆಂದ, ಆದರೆ ತುಕ್ಕು ಹಿಡಿದ ಒಂದು ಬೇರಿಂಗ್ ಬದಲಾಯಿಸಲು ಬ್ರೇಕ್ ಪೂರ್ತಿ ಬಿಚ್ಚಬೇಕು. ಸೀಟ್ ಪೋಸ್ಟ್ ದುಂಡಗಿನದು, 27.2 ಮಿ.ಮೀ., ಎಲ್ಲಿ ಬೇಕಾದರೂ ಸಿಗುವಂಥದ್ದು. ಹಿಂದಿನ ಗಿಯರ್ ನೇತುಹಾಕುವ ಹ್ಯಾಂಗರ್ ಯುಡಿಎಚ್, ಅಂದರೆ ಯೂನಿವರ್ಸಲ್. ಸಾಮಾನು ಕಟ್ಟಲು ಫೋರ್ಕಿನ ಎರಡೂ ಕಡೆ ಮೂರು ಮೂರು ಬೋಲ್ಟು. ಟಿ700 ಬದಲು ಟಿ1000 ಕಾರ್ಬನ್ ತಗೊಳ್ಳಿ ಮೇಡಂ ಅಂತ ಸೇಲ್ಸಿನ ಹುಡುಗಿ ಮೂರು ಮೇಲ್ ಹಾಕಿದಳು. ಉಳಿಯುವುದು ಎರಡು ಹೋಳಿಗೆಯ ತೂಕ. ಹೋಳಿಗೆ ಬಿಡುತ್ತೇನೆ, ಬೇಡ ಅಂದೆ.

ಇಷ್ಟೆಲ್ಲ ಗೊತ್ತಿದ್ದವಳಿಗೆ ಫ್ರೇಮಿನ ಸೈಜು 48ಓ 50ಓ ಅನ್ನುವುದು ಗೊತ್ತಾಗುತ್ತಿಲ್ಲ.

ಈಗಿನ ಸೈಕಲ್ಲಿನ ಕಥೆ ಹೇಳಿಬಿಡುತ್ತೇನೆ. ಐದು ವರ್ಷದ ಹಿಂದೆ ಅಂಗಡಿಯವನು "ಮೇಡಂ, ಸೀಟು ಇಳಿಸಿದ್ರೆ ಆಯ್ತು" ಅಂತ ಇದ್ದ ಸೈಜನ್ನೇ ದಾಟಿಸಿದ. 157 ಸೆಂ.ಮೀ. ಎತ್ತರದವಳಿಗೆ ಇದ್ದ ಸೈಜು ಯಾವಾಗಲೂ ದೊಡ್ಡದೇ. ಬೋಪದೇವ್ ಘಾಟಿನಲ್ಲಿ ಬಿದ್ದಿದ್ದು ಇಳಿಜಾರಿನಲ್ಲಿ ಅಲ್ಲ, ವೇಗದಲ್ಲೂ ಅಲ್ಲ. ಸುಮ್ನೆ ಸೀತಾಫಲ ಕೊಳ್ಳೋಣ ಅಂತ ನಿಧಾನವಾಗಿ ತಿರುಗಿಸಿದೆ. ಬೂಟಿನ ತುದಿ ಮುಂದಿನ ಗಾಲಿಗೆ ಸಿಕ್ಕಿತು. ನಿಂತ ಜಾಗದಲ್ಲೇ ದಬಕ್. ಮೊಣಕೈಗೆ ಮೂರು ಹೊಲಿಗೆ. ಹಣ್ಣಿನ ಮಾವಶಿ ಮೊದಲು ಬುಟ್ಟಿ ಸರಿಸಿದಳು, ಆಮೇಲೆ ನನ್ನನ್ನು ಎತ್ತಿದಳು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ನಿನ್ನೆ ಸಂಜೆ ಪುಣೆಯ ಶುಕ್ರವಾರ ಪೇಠಕ್ಕೆ, ಸೈಕಲ್ ರಿಪೇರಿ ಅಂಗಡಿಯ ಮಾಮಾ ಹತ್ತಿರ ಹೋದೆ. ಅಕ್ಕಲಕೋಟದ ಮಾಮಾ. ಕಾರ್ಬನ್ ಅಂದರೆ ಅವರಿಗೆ ಅಷ್ಟಕ್ಕಷ್ಟೆ. ಯಾರಾದರೂ ಬಿದ್ದ ಸೈಕಲ್ ತಂದರೆ ಐದು ರೂಪಾಯಿ ನಾಣ್ಯ ತಗೊಂಡು ಕೊಳವೆಯ ಉದ್ದಕ್ಕೂ ಕುಟ್ಟುತ್ತಾ ಹೋಗುತ್ತಾರೆ, ಕುಂಬಾರನ ಹತ್ತಿರ ಗಡಿಗೆ ಕೊಳ್ಳುವವರ ಹಾಗೆ. ದನಿ ಮಂಕಾದ ಕಡೆ ಚಾಕ್‌ಪೀಸಿನಲ್ಲಿ ಗೆರೆ. ನಾನು ಕೊಟ್ಟ, ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್ ಗೋಡೆಗೆ ನೇತು ಹಾಕಿದ್ದಾರೆ. ಐದು ನ್ಯೂಟನ್ ಮೀಟರ್ ಅಂದರೆ ಮಣಿಕಟ್ಟು ಹೇಳುತ್ತದಂತೆ. ಅದಕ್ಕೆ ಹೂವು ಏರಿಸುವುದೊಂದು ಬಾಕಿ.

ಫೋನಿನಲ್ಲಿ ಎರಡೂ ಸೈಜಿನ ಅಳತೆಗಳ ಎಕ್ಸೆಲ್ ಹಾಳೆ ತೆಗೆದು ತೋರಿಸಿದೆ. ಅದರಲ್ಲಿ ರೀಚ್ ಅಂದರೆ ಪೆಡಲ್ಲುಗಳು ತಿರುಗುವ ನಡುಬಿಂದುವಿನಿಂದ ಹ್ಯಾಂಡಲ್ ಕಡೆಗೆ ಫ್ರೇಮ್ ಎಷ್ಟು ಮುಂದೆ ಚಾಚಿದೆ ಅನ್ನುವ ಅಳತೆ. ಕನ್ನಡಕ ಹಾಕಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು.

"ಅಕ್ಕಾರ, ಸೈಕಲ್ ತಗೋಳ್ಲಾಕತ್ತೀರೋ, ಮನಿ ಕಟ್ಟಸ್ಲಾಕತ್ತೀರೋ?"

"ಮಾಮಾ, ನೋಡ್ರಿ. 48ರ ರೀಚ್ 368. 50ರದು 374."

"ಆರು ಮಿಲಿಮೀಟರ್ ಸಲುವಾಗಿ ನಿದ್ದಿ ಬಿಟ್ಟೀರಿ?"

ಟಾಪ್ ಟ್ಯೂಬ್ ನೋಡಿದರೆ ಎರಡಕ್ಕೂ 20 ಮಿ.ಮೀ. ವ್ಯತ್ಯಾಸ ಇದೆ, ಆಮೇಲೆ ರೀಚ್ ಮಾತ್ರ ಆರೇ ಹೇಗೆ ಅಂತ ಕೇಳಿದೆ. ನನಗೆ ಉತ್ತರ ಗೊತ್ತಿತ್ತು, ಅವರಿಗೆ ಗೊತ್ತಾ ನೋಡೋಣ ಅಂತ ಕೇಳಿದೆ. ಕೆಟ್ಟ ಬುದ್ಧಿ. ಮಾಮಾ ಹಾಳೆಯನ್ನು ಬೆರಳಲ್ಲಿ ಸರಿಸಿ ಸೀಟ್ ಟ್ಯೂಬಿನ ಕೋನ ನೋಡಿದರು. ಸಣ್ಣದಕ್ಕೆ 75 ಡಿಗ್ರಿ, ದೊಡ್ಡದಕ್ಕೆ 74.

"ಸೀಟಿನ ಕಂಬ ನೆಟ್ಟಗ ನಿಲ್ಸ್ಯಾರ. ಹಿಂದಿನ ಗ್ವಾಡಿ ಮುಂದ ತಂದು ಖೋಲಿ ಸಣ್ಣದಾತು ಅಂತಾರ. ನೀವು ಸೀಟು ಹಿಂದ ಸರಸ್ತೀರಲ್ಲ, ಮತ್ತ ಅಷ್ಟೇ ಆತು."

ಅದೇ. ಸೀಟನ್ನು ನನ್ನ ಮೊಣಕಾಲಿಗೆ ಬೇಕಾದ ಜಾಗಕ್ಕೆ ಸರಿಸಿದರೆ ಆ ಇಪ್ಪತ್ತರಲ್ಲಿ ಹದಿನಾಲ್ಕು ಮಾಯ. ಸಣ್ಣ ಸೈಜು ಅಂತ ಮಾರುವುದರಲ್ಲಿ ಅರ್ಧ ಇಂಥ ಖೋಲಿ ಲೆಕ್ಕವೇ. ಇಷ್ಟು ತಿಳಿದುಕೊಳ್ಳಲು ನನಗೆ ಎರಡು ತಿಂಗಳು ಬೇಕಾಯಿತು.

ಆಮೇಲೆ ಬೂಟಿಗೆ ಸಿಗುವ ಗಾಲಿಯ ಮಾತು ಬಂತು. ಮಾಮಾ ನೆಲ ಗುಡಿಸಿ, ಚಾಕ್‌ಪೀಸ್ ತಗೊಂಡು ಕೂತರು. ಪೆಡಲ್ಲುಗಳು ತಿರುಗುವ ನಡುಬಿಂದು ಒಂದು ಚುಕ್ಕೆ. ಅಲ್ಲಿಂದ 572 ಮಿ.ಮೀ. ಮುಂದೆ, ಮುಂದಿನ ಗಾಲಿಯ ಆಕ್ಸಲ್ ಇನ್ನೊಂದು ಚುಕ್ಕೆ. ದಾರ ಹಿಡಿದು ಕಮಾನು ಎಳೆದರು. 700ಸಿ ಅನ್ನುವ ದೊಡ್ಡ ಗಾಲಿಗೆ 42ರ ಟೈರು ಹಾಕಿದರೆ ಅಂಚಿನವರೆಗೆ 353. ಪೆಡಲ್ ಹಿಡಿದ ಕೋಲು, ಅಂದರೆ ಕ್ರ್ಯಾಂಕ್ 165, ಅದರ ಮುಂದೆ ನನ್ನ ಬೂಟು 100. ಬೂಟು ಕಮಾನಿನ ಒಳಗೆ ಹೋಗಿ ಕೂತಿತು. 650ಬಿ ಅನ್ನುವ ಸಣ್ಣ ಗಾಲಿಗೆ 47ರ ಟೈರು ಅಂದರೆ 339. ಇನ್ನೊಂದು ಕಮಾನು. ಹದಿನಾಲ್ಕು ಮಿ.ಮೀ. ಲಾಭ. ಅಲ್ಲೂ ಹದಿನಾಲ್ಕು, ಇಲ್ಲೂ ಹದಿನಾಲ್ಕು, ರಾಮನ ವನವಾಸದ ಲೆಕ್ಕ. ಆದರೂ ಬೂಟು ಒಳಗೇ ಇತ್ತು, ಸ್ವಲ್ಪ ಕಡಿಮೆ ಒಳಗೆ. ಪಂಚರ್ ಹಾಕಿಸಲು ಬಂದ ಹುಡುಗ ರಂಗೋಲಿ ಅಂದುಕೊಂಡು ದಾಟಿಕೊಂಡು ಹೋದ.

50ರಲ್ಲಿ ಆಕ್ಸಲ್ ಇನ್ನೂ ಎಂಟು ಮಿ.ಮೀ. ಮುಂದಿದೆ. ಅಂದರೆ 48 ನನ್ನ ಕೈಗೆ ಸರಿ, 50 ನನ್ನ ಕಾಲಿಗೆ ಸರಿ. ಹ್ಯಾಂಡಲ್ ಕೆಳಗೆ ಸ್ಪೇಸರ್ ಬಳೆ ಏರಿಸಿದರೆ ಹತ್ತು ಮಿ.ಮೀ.ಗೆ ಮೂರು ಮಿ.ಮೀ. ಹತ್ತಿರ ಬರುತ್ತದೆ, ಅದನ್ನೂ ಬರೆದುಕೊಂಡಿದ್ದೇನೆ. ಗಾಲಿ ಸಣ್ಣದು ಮಾಡಿದರೆ ಇಡೀ ಸೈಕಲ್ಲೇ ಹದಿನಾಲ್ಕು ಕೆಳಗಿಳಿಯುತ್ತದೆ, ಆಗ ಕಲ್ಲಿಗೆ ಪೆಡಲ್ ಬಡಿಯುತ್ತದೆ. ಒಂದು ಎಳೆದರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ.

"ನಮ್ಮ ಕಾಲದಾಗ ಎರಡೇ ಸೈಜು ಅಕ್ಕಾರ. 22 ಇಂಚು, ಇಲ್ಲಾ 24. ಕಾಲು ಮುಟ್ಟಲಿಲ್ಲಂದ್ರ ಒಳಪೆಡಲ್ ಹೊಡಿ."

ಹುಬ್ಬಳ್ಳಿಯಲ್ಲಿ ನಾನು ಕಲಿತದ್ದೂ ಹಾಗೇ. ತಾಸಿನ ಬಾಡಿಗೆಗೆ ತಂದ ಗಂಡಸರ ಸೈಕಲ್ಲು, ಅಡ್ಡ ಪೈಪಿನ ಕೆಳಗೆ ಕಾಲು ತೂರಿಸಿ, ಸೊಂಟ ಒಂದು ಕಡೆ, ತಲೆ ಒಂದು ಕಡೆ. ಆಗ ಯಾವುದೂ ನೋಯುತ್ತಿರಲಿಲ್ಲ. ಈಗ 5 ಕಿ.ಮೀ.ಗೆ ಕುತ್ತಿಗೆ ಹಿಡಿಯುತ್ತದೆ.

ಯಾವುದು ತಗೊಳ್ಳಲಿ ಮಾಮಾ ಅಂತ ಕೊನೆಗೆ ನೇರವಾಗಿ ಕೇಳಿದೆ. ಚಾಕ್‌ಪೀಸಿನ ಕೈ ಪ್ಯಾಂಟಿಗೆ ಒರೆಸಿಕೊಂಡರು. "ಚಹಾ ತಗೋರಿ," ಅಂದರು. ಅಷ್ಟೇ. ನಂತರ ಅಂಗಡಿ ಮುಚ್ಚುವ ಹೊತ್ತಿಗೆ ನೆಲದ ಗೆರೆ ಅಳಿಸದೆ ಹಾಗೇ ಬಿಟ್ಟು ಶಟರ್ ಎಳೆದರು. ಅದಕ್ಕೆ ಏನು ಅರ್ಥವೋ. ಪೊರಕೆ ಸಿಗಲಿಲ್ಲವೇನೋ.

ಇವತ್ತು ಸೈಕಲ್ ತುಳಿಯಲು ಹೋಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಇವರು ಕೆಣಕಿದರು. ಜನವರಿಯಲ್ಲಿ ಪುಣೆ ಗ್ರ್ಯಾಂಡ್ ಟೂರ್ ರೇಸು ಬರುತ್ತಿದೆ, ಅದಕ್ಕೆ ಜಿಲ್ಲೆಯಲ್ಲಿ ಎಷ್ಟೋ ರಸ್ತೆಗಳಿಗೆ ಹೊಸ ಡಾಂಬರು ಬೀಳುತ್ತಿದೆ. "ಊರಿಗೆಲ್ಲ ಡಾಂಬರು ಹಾಕೋ ವರ್ಷ ಹುಡುಕಿ ನೀನು ಮಣ್ಣಿನ ಸೈಕಲ್ ತರಿಸ್ತಿದ್ದೀಯಲ್ಲ." ನಗು ಬಂತು, ಸಿಟ್ಟೂ ಬಂತು. ಈ ಊರಿನ ಡಾಂಬರಿಗೆ ಒಂದು ಮಳೆಗಾಲ ಸಾಕು, ಮತ್ತೆ ಗ್ರಾವೆಲ್ಲೇ ಅಂದೆ. ಮಜ್ಜಿಗೆ ಬಡಿಸಿಕೊಂಡರು.

ಅದೆಲ್ಲ ಇರಲಿ. ರಾತ್ರಿ ಊಟ ಆದ ಮೇಲೆ ಕಾಲು ಇನ್ನೊಮ್ಮೆ ಅಳೆಯೋಣ ಅನಿಸಿತು. 50ರ ಟಾಪ್ ಟ್ಯೂಬ್ ನೆಲದಿಂದ 73.5 ಸೆಂ.ಮೀ., 700ಸಿ ಗಾಲಿ ಹಾಕಿದರೆ. ನನ್ನ ಕಾಲು ಬರಿಗಾಲಿನಲ್ಲಿ 72, ಬೂಟು ಹಾಕಿದರೆ 74 ಅಂತ ಲೆಕ್ಕ. ಅರ್ಧ ಸೆಂ.ಮೀ.ನಲ್ಲಿ ನನ್ನ ಮಾನ. ಗೋಡೆಗೆ ಬೆನ್ನು ಹಚ್ಚಿ, ಕಾಲ ಸಂದಿಗೆ ಪುಸ್ತಕ ಒತ್ತಿ ಹಿಡಿದು, ಪುಸ್ತಕದ ಬೆನ್ನಿಗೆ ಗೆರೆ ಎಳೆಯಬೇಕು. ಕೈಗೆ ಪಂಚಾಂಗ ಸಿಕ್ಕಿತು, ಅತ್ತೆ ಕಸಿದುಕೊಂಡರು. ಚಿನ್ನುವಿನ ಕೆಮಿಸ್ಟ್ರಿ ಗೈಡ್ ಆಯಿತು. ಪೆನ್ಸಿಲ್ ಅತ್ತೆಯ ಕೈಯಲ್ಲಿ.

ಮೊದಲ ಸಲ 72.3. ಎರಡನೇ ಸಲ 71.6. ಮೂರನೇ ಸಲ ಚಿನ್ನು "ಉಸಿರು ಬಿಡಮ್ಮ" ಅಂದಳು, 73 ಬಂತು.

"ವಯಸ್ಸಾದ ಮ್ಯಾಲೆ ಎಲ್ಲಾರೂ ಗಿಡ್ಡ ಆಗ್ತಾರವ್ವ, ಸಣ್ಣದ ತಗೋ," ಅಂತ ಅತ್ತೆ ತೀರ್ಪು ಕೊಟ್ಟು ಮಲಗಲು ಹೋದರು. ಬಾಗಿಲಲ್ಲಿ ನಿಂತು, "ಆ ಒತ್ತು ಮಾತ್ರ ನೆಟ್ಟಗ ಹಾಕಸು. ಅಡ್ಡದಾರಿ ಆದ್ರೂ ಶುದ್ಧ ಇರ್ಲಿ," ಅಂದರು. ಅಂದರೆ ಹೆಸರಿಗೆ ಒಪ್ಪಿಗೆ ಸಿಕ್ಕಿತಾ? ಕೇಳಲು ಧೈರ್ಯ ಆಗಲಿಲ್ಲ.

ಮೇಲ್ ಬರೆದಿಟ್ಟಿದ್ದೇನೆ. ಔಟ್‌ಲೈನ್ ಮಾಡಿದ 'ಅಡ್ಡದಾರಿ' ಜೋಡಿಸಿದೆ, ಡ ಕೆಳಗೆ ಡ ಗಟ್ಟಿಯಾಗಿ ಕೂತಿದೆ. ಅಕ್ಷರ ನನ್ನ ಕಡೆ ಮುಖ ಮಾಡಿರಲಿ, ತುಳಿಯುವಾಗ ನಾನೇ ಓದಬೇಕು ಅಂತಲೂ ಬರೆದೆ. ಸೈಜು ಅನ್ನುವ ಕಡೆ ಇನ್ನೂ ಖಾಲಿ.

ಗೋಡೆ ಮೇಲೆ ಮೂರು ಗೆರೆ ಇದೆ. ನಡುವಿನದು ತಗೋ ಅಂತಾಳೆ ಚಿನ್ನು. ಆದರೆ ಆ ನಡುವಿನ ಗೆರೆ ಎಳೆದಾಗ ನಾನು ಸಾಕ್ಸ್ ಹಾಕಿದ್ದೆ, ಅಲ್ವಾ? ಅಥವಾ ಅದು ಮೊದಲನೇ ಸಲವೋ, ಯಾಕೆಂದರೆ ಅತ್ತೆ ಪಂಚಾಂಗ ಕಸಿದುಕೊಂಡಾಗ