ಐರ್ಲೆಂಡ್‌ಗೆ ಹೊರಟಿದ್ದೀರಾ? ಕಿಲೋಮೀಟರ್ ನಂಬಬೇಡಿ

ನಕ್ಷೆಯಲ್ಲಿ ನೋಡಿದರೆ ಐರ್ಲೆಂಡ್ ಅಂಗೈಯಷ್ಟು. ಡಬ್ಲಿನ್‌ನಿಂದ ಪಶ್ಚಿಮದ ಗಾಲ್ವೇಗೆ ಸುಮಾರು 210 ಕಿ.ಮೀ., ಎರಡೂವರೆ ಗಂಟೆ ದಾರಿ. ಇಷ್ಟೇನಾ ಅಂದುಕೊಂಡು ಏಳು ದಿನಕ್ಕೆ ಐದು ಊರುಗಳಲ್ಲಿ ರೂಮು ಬುಕ್ ಮಾಡಿದ್ದೆವು. ನಾವು ಮಾಡಿದ ದೊಡ್ಡ ತಪ್ಪು ಅದೇ.

ಹೈವೇ ಬಿಟ್ಟ ಕೂಡಲೇ ಲೆಕ್ಕ ತಪ್ಪುತ್ತದೆ. ಕ್ಲೇರ್ ಕೌಂಟಿಯ ಒಳದಾರಿಗಳಲ್ಲಿ ಎಷ್ಟೋ ಕಡೆ ಒಂದೇ ಕಾರು ಹಿಡಿಸುತ್ತದೆ. ಎರಡೂ ಕಡೆ ಕಲ್ಲಿನ ಗೋಡೆ, ರಸ್ತೆ ಮಧ್ಯದಲ್ಲೇ ಹುಲ್ಲು. ಅಂಥದ್ದರಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಬೆವರುತ್ತಾ ರಿವರ್ಸ್ ತೆಗೆದು, ಒಂದು ಗೇಟಿನ ಮುಂದೆ ಕಾರು ಒತ್ತರಿಸಿದೆ. ಟ್ರ್ಯಾಕ್ಟರಿನ ಅಜ್ಜ ಸ್ಟೇರಿಂಗ್ ಬಿಡದೆ ತೋರುಬೆರಳು ಮಾತ್ರ ಎತ್ತಿ ಮುಂದೆ ಹೋದರು. ಹಳ್ಳಿ ಕಡೆ ನಮಸ್ಕಾರ ಅಂದರೆ ಅಷ್ಟೇ. ಎರಡು ದಿನದಲ್ಲಿ ನನ್ನ ಬೆರಳೂ ತಾನಾಗಿ ಏಳತೊಡಗಿತು.

ಅಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ಅದೊಂದು ನೆಮ್ಮದಿ. ಆಟೋಮ್ಯಾಟಿಕ್ ಕಾರು ಬೇಕಿದ್ದರೆ ಮೊದಲೇ ಹೇಳಿಡಿ. ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡೇ ಹೋಗಿ, ಬಾಡಿಗೆ ಕಾರಿನವರು ಕೇಳಬಹುದು. ವೀಸಾ ವಿಷಯದಲ್ಲಂತೂ ಎಚ್ಚರ: ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪ್ ದೇಶಗಳ ಶೆಂಗೆನ್ ಗುಂಪಿನಲ್ಲಿ ಐರ್ಲೆಂಡ್ ಇಲ್ಲ. ಯೂರೋ ನಡೆಯುತ್ತದೆ ಅಂತ ಶೆಂಗೆನ್ ವೀಸಾ ಹಿಡಿದು ಹೊರಟರೆ ಏರ್‌ಪೋರ್ಟ್‌ನಲ್ಲೇ ಕಥೆ ಮುಗಿಯಿತು.

ಅಮ್ಮ ತೀರ್ಥಹಳ್ಳಿ ಕಡೆಯವರು. ಮೊದಲ ದಿನ ಕಿಟಕಿಯಾಚೆ ನೋಡಿ, ‘ಹಸಿರೇನೋ ಇದೆ ಮಾರಾಯ, ಮರ ಎಲ್ಲಿ?’ ಅಂದರು. ನಿಜ. ಆ ಹಸಿರೆಲ್ಲ ಕುರಿ, ದನ ಮೇಯುವ ಹುಲ್ಲು. ಕಾಡು ಇರುವುದು ನೂರಕ್ಕೆ ಹನ್ನೊಂದು ಹನ್ನೆರಡು ಭಾಗ ಅಷ್ಟೇ. ಕ್ಲೇರ್ ಕೌಂಟಿಯ ಬರ್ರನ್‌ಗೆ ಹೋದರೆ ಹುಲ್ಲೂ ಕಡಿಮೆ. ಗುಡ್ಡಕ್ಕೆ ಗುಡ್ಡವೇ ಬೂದು ಬಣ್ಣದ ಸುಣ್ಣದಕಲ್ಲು, ಬಿರುಕುಗಳಲ್ಲಿ ಪುಟ್ಟ ಪುಟ್ಟ ಹೂವು. ನನಗೆ ಇಡೀ ಪ್ರವಾಸದಲ್ಲಿ ಜಾಸ್ತಿ ಹಿಡಿಸಿದ್ದು ಇದೇ ಜಾಗ.

ಎಲ್ಲರೂ ಹೋಗುವ ಮೋಹರ್ ಬಂಡೆಗಳು ಅಲ್ಲಿಂದ ಹತ್ತಿರ. ಸಮುದ್ರದಿಂದ ನೆಟ್ಟಗೆ ಎದ್ದ ಗೋಡೆ, ಎತ್ತರವಿರುವ ಕಡೆ 214 ಮೀಟರ್. ನಾವು ಹೋದ ಬೆಳಿಗ್ಗೆ ಬರೀ ಮಂಜು, ಅಲೆಯ ಸದ್ದು ಮಾತ್ರ ಕೇಳುತ್ತಿತ್ತು. ಮರುದಿನ ರೂಮು ಬೇರೆ ಊರಲ್ಲಿದ್ದ ಕಾರಣ ಮತ್ತೆ ಹೋಗಲಾಗಲಿಲ್ಲ. ಅದಕ್ಕೇ ಹೇಳುವುದು, ಹತ್ತಿರದ ಡೂಲಿನ್ ಹಳ್ಳಿ ಅಥವಾ ಸುತ್ತಮುತ್ತ ಒಂದೇ ಕಡೆ ಮೂರು ರಾತ್ರಿ ಉಳಿಯಿರಿ. ಮಂಜು ಇದ್ದರೆ ನಾಳೆ ನೋಡಿದರಾಯಿತು. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಸಂಜೆ ಊಟ ಮುಗಿಸಿಯೂ ಹೋಗಬಹುದು. ಛತ್ರಿ ಸುಮ್ನೆ ಭಾರ, ಆ ಗಾಳಿಗೆ ತಿರುಗಿ ನಿಲ್ಲುತ್ತದೆ. ಟೋಪಿ ಇರುವ ಜರ್ಕಿನ್ ಸಾಕು.

ಸಸ್ಯಾಹಾರಿಗಳಿಗೆ ದಿನದ ತರಕಾರಿ ಸೂಪು, ಕಂದು ಸೋಡಾ ಬ್ರೆಡ್, ಮೇಲೆ ದಪ್ಪಗೆ ಬೆಣ್ಣೆ. ಸೂಪು ಕೋಳಿ, ಮಾಂಸದ ಸಾರಿನಲ್ಲಿ ಕುದಿಸಿದ್ದಾ ಅಂತ ಒಮ್ಮೆ ಕೇಳಿ. ಹಳ್ಳಿ ಪಬ್‌ಗಳ ಅಡುಗೆಮನೆ ಬೇಗ ಮುಚ್ಚುತ್ತದೆ. ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದು ಎರಡು ರಾತ್ರಿ ನಮ್ಮನ್ನು ಕಾಪಾಡಿತು.

ಗಾಲ್ವೇಯ ಬೀದಿಗಳಲ್ಲಿ ಹಾಡು, ಪಿಟೀಲು, ಜನವೋ ಜನ. ಆದರೆ ಅಮ್ಮ ಅಲ್ಲಿ ನೆನೆಸಿಕೊಂಡಿದ್ದು ಬೆಳಗಾವಿಯ ಸವಿತಾ ಹಾಲಪ್ಪನವರ್ ಅವರನ್ನು. ಗರ್ಭ ಉಳಿಯದ ಸ್ಥಿತಿಯಲ್ಲೂ ಆಸ್ಪತ್ರೆ ಗರ್ಭಪಾತಕ್ಕೆ ಒಪ್ಪದೆ, 2012ರಲ್ಲಿ ಅವರು ತೀರಿಕೊಂಡಿದ್ದು ಇದೇ ಊರಿನಲ್ಲಿ. 2018ರ ಜನಮತದಲ್ಲಿ ಆ ದೇಶ ತನ್ನ ಗರ್ಭಪಾತ ಕಾನೂನನ್ನು ಬದಲಿಸಿತು. ಸ್ವಲ್ಪ ಹೊತ್ತು ನಾವು ಯಾರೂ ಮಾತಾಡಲಿಲ್ಲ.

ಡಬ್ಲಿನ್‌ನಲ್ಲಿ ಕಾರು ಬೇಡವೇ ಬೇಡ. ಲೀಪ್ ಕಾರ್ಡ್ ತಗೊಳ್ಳಿ, ಬಸ್ಸು, ಟ್ರಾಮು, ಡಾರ್ಟ್ ರೈಲು ಮೂರಕ್ಕೂ ನಡೆಯುತ್ತದೆ. ಟೆಂಪಲ್ ಬಾರ್ ಓಣಿಗಳನ್ನು ನೋಡಿ ಬನ್ನಿ, ಕೂತು ಕುಡಿಯಲು ಹೋಗಬೇಡಿ, ಅಲ್ಲಿ ಎಲ್ಲದಕ್ಕೂ ರೇಟು ಜಾಸ್ತಿ. ಹಳೇ ಸಂಗೀತ ಕೇಳಬೇಕಿದ್ದರೆ ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್ ಪಬ್‌ಗೆ ಹೋಗಿ. ಕಿಲ್ಡೇರ್ ಬೀದಿಯ ಮ್ಯೂಸಿಯಂ ಪುಕ್ಕಟೆ. ಜೌಗುನೆಲದಲ್ಲಿ ಸಾವಿರಾರು ವರ್ಷ ಕೆಡದೆ ಉಳಿದ ಮನುಷ್ಯರ ದೇಹಗಳಿವೆ, ಒಂದರ ಕೈಬೆರಳಿನ ಉಗುರು ಕೂಡ ಕಾಣುತ್ತದೆ. ಡಾರ್ಟ್‌ನಲ್ಲಿ ಅರ್ಧ ಗಂಟೆ ಹೋದರೆ ಹೌತ್ ಬಂದರು. ದೋಣಿಗಳ ಪಕ್ಕದಲ್ಲೇ ಸೀಲ್‌ಗಳು ತಲೆ ಎತ್ತಿ ನೋಡುತ್ತವೆ, ಅಮ್ಮನಿಗೆ ಅಲ್ಲಿಂದ ಏಳಲು ಮನಸ್ಸೇ ಇರಲಿಲ್ಲ.

ಇನ್ನೊಂದು ಮಾತು. ಡಬ್ಲಿನ್ ಸುತ್ತುವ ಎಂ50 ರಸ್ತೆಯಲ್ಲಿ ಟೋಲ್ ಇದೆ, ಗೇಟಿಲ್ಲ. ಕ್ಯಾಮೆರಾ ನಂಬರು ಹಿಡಿಯುತ್ತದೆ, ಮರುದಿನ ರಾತ್ರಿ 8ರೊಳಗೆ ನಾವೇ ಕಟ್ಟಬೇಕು. ಕೆಲವು ಬಾಡಿಗೆ ಕಂಪನಿಗಳು ತಾವೇ ಕಟ್ಟಿ ನಮ್ಮಿಂದ ತಗೊಳ್ಳುತ್ತವೆ. ಯಾವ ಲೆಕ್ಕ ಅಂತ ಕೀ ಕೈಗೆ ಬರುವಾಗಲೇ ಕೇಳಿಕೊಳ್ಳಿ. ನಾವು ಕೇಳಲಿಲ್ಲ. ಊರಿಗೆ ಬಂದು ಮೂರು ವಾರಕ್ಕೆ ಕಾರ್ಡಿನಿಂದ ದಂಡ ಹೋಯಿತು, ಅದರ ಮೇಲೆ ಕಂಪನಿಯವರ ಚಾರ್ಜು ಬೇರೆ.