ಒಲೆ ಪಕ್ಕದ ನೀಲಕಂಠ

ಬೆಳಗ್ಗೆ ದೊಡ್ಡಮ್ಮ ಫೋನ್ ಮಾಡಿದ್ದರು. "ನಿನ್ನ ಹಕ್ಕಿ ಬಂತು ಕಣೋ" ಅಂದರು.

ಹೋದ ವಾರ ಅಂಚೆಗೆ ಹಾಕಿದ್ದ ಕಾರ್ಡು. ಮದ್ದೂರಿನ ಹತ್ತಿರ ಗದ್ದೆ ಬದಿಯ ಕರೆಂಟ್ ತಂತಿ ಮೇಲೆ ಸಿಕ್ಕಿದ್ದ ನೀಲಕಂಠ. ಫೋಟೋನ 4 ಇಂಟು 6 ಇಂಚಿಗೆ ಪ್ರಿಂಟ್ ಹಾಕಿಸಿ, ದಪ್ಪ ಹಾಳೆ ಮಡಚಿ ಅಂಟಿಸಿ, ಒಳಗೆ ಎರಡೇ ಸಾಲು ಬರೆದಿದ್ದೆ.

ನಮ್ಮ ರಾಜ್ಯಪಕ್ಷಿ ಅದು. ಸುಮ್ನೆ ಕೂತಾಗ ಕಂದು ಎದೆ, ಕಂದು ಬೆನ್ನು, ತಲೆ ಮೇಲೆ ಒಂಚೂರು ನೀಲಿ, ಅಷ್ಟೇ. ಹುಳ ಕಂಡು ಕೆಳಗೆ ಹಾರಿತು ನೋಡಿ, ರೆಕ್ಕೆ ಬಿಚ್ಚಿದ ಆ ಒಂದು ಕ್ಷಣ! ತಿಳಿ ನೀಲಿ, ಕಡು ನೀಲಿ, ಪಟ್ಟೆ ಪಟ್ಟೆಯಾಗಿ. ಅದೊಂದಕ್ಕೆ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತಿದ್ದೆ.

ದೊಡ್ಡಮ್ಮ ಅದನ್ನ ಒಲೆ ಪಕ್ಕದ ಕಿಟಕಿಗೆ ಒರಗಿಸಿ ಇಟ್ಟಿದ್ದಾರಂತೆ. ಮಂಡಿ ನೋವು, ಹೊರಗೆ ಹೋಗೋದೇ ಕಡಿಮೆ. "ಹಾಲು ಉಕ್ಕೋವರೆಗೂ ಅದನ್ನೇ ನೋಡ್ತಾ ನಿಂತಿರ್ತೀನಿ" ಅಂದರು.

ಫೋನಲ್ಲೇ ಕಳಿಸಬಹುದಿತ್ತು, ನಿಜ. ಆದರೆ ಅಲ್ಲಿ ಸಂಜೆಯೊಳಗೆ ಇನ್ನು ಹತ್ತು ಚಿತ್ರ ಬಂದು ಅದು ಎಲ್ಲೋ ಹೋಗಿರುತ್ತೆ. ಕಾರ್ಡು ಕಿಟಕೀಲೇ ಇರುತ್ತೆ, ಅಲ್ವಾ?

ಮನೆ ಹಿಂದಿನ ಹೊಂಗೆ ಹೂ ಬಿಟ್ಟಿದೆ. ನಾಳೆ ಬಿಸಿಲು ಏರೋ ಮುಂಚೆ ಕ್ಯಾಮೆರಾ ತಗೊಂಡು ಹೋಗ್ತೀನಿ. ಯಾರಿಗೆ ಬೇಕೋ ವಿಳಾಸ ಕಳಿಸಿ.